ಓಗೊಟ್ಟವ್ವನ ಕೋಡು

ಮೌನಗಿರಿ ವನಧಾಮಕ್ಕೆ ಹೋಗಿ ಮೂರು ಕೋಡುಗಳನ್ನೂ ಹತ್ತದೆ ಬಂದವರು ಅಲ್ಲಿಗೆ ಹೋಗಿಯೇ ಇಲ್ಲ ಎಂದು ಧಾರಾಳವಾಗಿ ಹೇಳಬಹುದು. ಬಯಲುಸೀಮೆಯ ನಟ್ಟನಡುವೆ, ಎತ್ತ ನೋಡಿದರೂ ರಾಗಿ, ಶೇಂಗಾ, ಅಲ್ಲೊಂದು ಇಲ್ಲೊಂದು ಹುಣಸೆ ಮರ. ಅದರ ಮಧ್ಯೆ ನೆಲವೇ ಏನನ್ನೋ ನೆನೆಸಿಕೊಂಡು ಥಟ್ಟನೆ ಎದ್ದು ನಿಂತಂತೆ ಈ ಬೆಟ್ಟಸಾಲು. ಈಗ ಅದು ಅರಣ್ಯ ಇಲಾಖೆಯ ಸುಪರ್ದಿನಲ್ಲಿದೆ. ಬಾಗಿಲಲ್ಲಿ ಟಿಕೆಟ್ ಹರಿಯುತ್ತಾರೆ, ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ಹುಡುಕುತ್ತಾರೆ. ಕರಡಿಯ ಚಿತ್ರವಿರುವ ಫಲಕದ ಮುಂದೆ ನಿಂತು ಎಲ್ಲರೂ ಒಂದೊಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಕರಡಿಯನ್ನು ಕಂಡವರು ಕಡಿಮೆ, ಫಲಕವನ್ನು ಕಾಣದವರಿಲ್ಲ. ಅಲ್ಲಿಂದ ಮೊದಲು ಸಿಗುವುದು ಆನೆಬೆನ್ನು. ಹೆಸರೇ ಹೇಳುವಂತೆ ಮಲಗಿದ ಆನೆಯ ಬೆನ್ನಿನಷ್ಟು ನುಣುಪು, ಅಷ್ಟೇ ಸೌಮ್ಯ. ಮಂಡಿನೋವಿನವರೂ ಹತ್ತಿ, ಮೇಲೆ ಕೂತು ಬುತ್ತಿ ಬಿಚ್ಚಿ, ದೂರದ ಕೆರೆಗಳನ್ನು ಒಂದು, ಎರಡು ಎಂದು ಎಣಿಸಬಹುದು. ಕೊನೆಯದು ದೊಡ್ಡಕೋಡು. ಅದರ ನೆತ್ತಿಯ ಮೇಲೆ ಮೌನಸಿದ್ಧರ ಗದ್ದುಗೆ. ಹನ್ನೆರಡು ವರ್ಷ ಒಂದು ಮಾತೂ ಆಡದೆ ಕುಳಿತು ಅಲ್ಲಿಯೇ ಐಕ್ಯರಾದ ಮಹಾನುಭಾವರು ಅವರು. ಅಲ್ಲಿ ಗಾಳಿ ಬೀಸುವುದೂ ಮೆಲ್ಲಗೆ ಎಂದು ಭಕ್ತರು ನಂಬುತ್ತಾರೆ. ಹೋಗಿ ನಿಂತವರಿಗೆ ಅದು ನಿಜವೆಂದೇ ತೋರುತ್ತದೆ.

ಇವೆರಡರ ನಡುವೆ ನಿಂತಿರುವುದೇ ಓಗೊಟ್ಟವ್ವನ ಕೋಡು. ಮೂರರಲ್ಲಿ ಇದೇ ಚಿಕ್ಕದು, ಇದೇ ಚೆಲುವಿನದು, ಇದೇ ಅಪಾಯದ್ದು. ಬಲಗಡೆ ಎತ್ತರದ ಬಂಡೆಯ ಗೋಡೆ, ಎಡಗಡೆ ಕಾಗೆಕಮರಿ ಎಂಬ ಆಳವಾದ ಕೊರಕಲು, ಮಧ್ಯೆ ನಾಲ್ಕು ಮಾರು ಅಗಲದ ಇಳಿಜಾರು ಹಾಸುಗಲ್ಲು. ಬಿಸಿಲಿನ ದಿನ ಆ ಹಾಸುಗಲ್ಲಿನ ಮೇಲೆ ನಿಂತರೆ ಸ್ವರ್ಗ ಅಂಗೈಯಲ್ಲಿದ್ದ ಹಾಗೆ. ಆದರೆ ಶ್ರಾವಣದಲ್ಲಿ ಪಡುವಣದಿಂದ ಮಂಜು ಬರುತ್ತದೆ. ಎಲೆ ಅಡಿಕೆ ಮಡಿಸಿ ಬಾಯಿಗಿಡುವಷ್ಟರಲ್ಲಿ ಎದುರಿನವರ ಮುಖ ಕಾಣದಾಗುತ್ತದೆ, ಇನ್ನೊಂದು ಗಳಿಗೆಗೆ ತನ್ನ ಪಾದ ತನಗೇ ಕಾಣದು. ಹೊಸಬರು ಇಲ್ಲಿಗೆ ಬಂದಾಗ ತಪ್ಪದೆ ಕೇಳುವ ಪ್ರಶ್ನೆ, 'ಓಗೊಟ್ಟವ್ವ ಎಂದರೆ ಯಾವ ದೇವಿ, ಗುಡಿ ಎಲ್ಲಿ?' ಎಂದು. ಗುಡಿಯಿಲ್ಲ, ವಿಗ್ರಹವಿಲ್ಲ, ಗಂಟೆಯೂ ಇಲ್ಲ. ಆಕೆ ದೇವಿಯೂ ಅಲ್ಲ. ತಪ್ಪಲಿನ ಕಂಬಳಿಹಟ್ಟಿಯ ಕುರಿ ಕಾಯುವ ಹೆಂಗಸು, ಹೆಸರು ದುಗ್ಗವ್ವ. ಅವಳ ಕಾಲಕ್ಕೆ ಈ ಕೋಡಿಗೆ ಹೆಸರೇ ಇರಲಿಲ್ಲ. ದಾಟಿ ಹೋಗಬೇಕಾದ ಜಾಗಕ್ಕೆ ಯಾರು ಹೆಸರಿಡುತ್ತಾರೆ?

ಹಿಂದೆ ಒಮ್ಮೆ, ಪಾಳೆಯಗಾರರ ಕೋಟೆಗಳಲ್ಲಿ ಇನ್ನೂ ಮದ್ದಿನ ವಾಸನೆಯಿದ್ದ ಕಾಲದಲ್ಲಿ, ಈ ಸೀಮೆಯವರಿಗೆಲ್ಲ ಮೌನದ ಹರಕೆ ಎಂಬುದೊಂದಿತ್ತು. ಮನೆಯಲ್ಲಿ ಯಾರಾದರೂ ಕೈಮೀರಿ ಕಾಯಿಲೆ ಬಿದ್ದರೆ, ಆ ಮನೆಯವರೊಬ್ಬರು ಶ್ರಾವಣದ ಮೂರನೆಯ ಸೋಮವಾರ ಬೆಳಕು ಹರಿಯುವ ಹೊತ್ತಿಗೆ ತಪ್ಪಲಿನ ಸಿದ್ಧರ ದೊಣೆಗೆ ಬರಬೇಕು. ದೊಣೆಯೆಂದರೆ ಬಂಡೆಯ ಹಳ್ಳದಲ್ಲಿ ವರ್ಷವಿಡೀ ಬತ್ತದ ನೀರು. ಅಲ್ಲಿ ಕಂಚಿನ ತಂಬಿಗೆಯಲ್ಲಿ ನೀರು ತುಂಬಿಕೊಂಡು, ದೊಣೆಯ ತಳದ ಬಿಳಿಗಲ್ಲಿನ ಹರಳೊಂದನ್ನು ನಾಲಿಗೆಯಡಿ ಇಟ್ಟುಕೊಂಡರೆ ಮೌನ ಶುರುವಾಯಿತು. ಮೂರು ಕೋಡುಗಳನ್ನು ದಾಟಿ, ಗದ್ದುಗೆಗೆ ನೀರೆರೆದು, ಹರಳನ್ನು ಅಲ್ಲಿ ಉಗಿಯುವವರೆಗೆ ಬಾಯಿಂದ ಸೊಲ್ಲು ಹೊರಡಬಾರದು. ಕೆಮ್ಮಿದರೆ ತಪ್ಪಿಲ್ಲ, ಅತ್ತರೆ ತಪ್ಪಿಲ್ಲ. ಮಾತು ಬಂದರೆ ಹರಕೆ ಮುರಿಯಿತು. ಮುರಿದ ಹರಕೆಯನ್ನು ಆ ವರ್ಷ ಮತ್ತೆ ಹೊರುವಂತಿಲ್ಲ, ಕಾಯಿಲೆಯವರು ಮುಂದಿನ ವರ್ಷದವರೆಗೆ ಕಾಯುವಂತಿಲ್ಲ. ಹೀಗೆ ಹೋದವರಲ್ಲಿ ವರ್ಷಕ್ಕೆ ಒಬ್ಬರೋ ಇಬ್ಬರೋ ಹಿಂದಿರುಗುತ್ತಿರಲಿಲ್ಲ. 'ಸಿದ್ಧರು ಬರಮಾಡಿಕೊಂಡರು' ಎನ್ನುತ್ತಿದ್ದರು. ಹುಡುಕಲು ಯಾರೂ ಹೋಗುತ್ತಿರಲಿಲ್ಲ, ಸಿದ್ಧರು ಕರೆಸಿಕೊಂಡವರನ್ನು ಹುಡುಕುವುದುಂಟೇ? ಕೆಲವು ಮನೆತನಗಳು ಅದನ್ನೊಂದು ಹೆಮ್ಮೆಯಂತೆಯೇ ಹೇಳಿಕೊಳ್ಳುತ್ತಿದ್ದವು.

ದುಗ್ಗವ್ವನ ಗಂಡ ಸತ್ತು ಎರಡು ವರ್ಷವಾಗಿತ್ತು. ಉಳಿದವರು ಮೂವರು: ಅವಳು, ಅತ್ತೆ ಈರಜ್ಜಿ, ಐದು ವರ್ಷದ ಮಗಳು ಸಿರಿ. ಆ ಶ್ರಾವಣದಲ್ಲಿ ಸಿರಿಗೆ ಜ್ವರ ಹಿಡಿದು ಹನ್ನೊಂದನೆಯ ದಿನ. ಗಂಜಿ ಗುಟುಕು ಹಾಕಿದರೆ ಕಟವಾಯಿಯಲ್ಲಿ ಹರಿದು ಬರುತ್ತಿತ್ತು. ಬೇರು ನಾರು ಕೊಡುವ ಪಂಡಿತ ಮೂರು ಸಲ ಬಂದು, ನಾಲ್ಕನೆಯ ಸಲ ಬರಲು ಒಪ್ಪಲಿಲ್ಲ. ಮಗು ಕಣ್ಣು ಬಿಡುತ್ತಿತ್ತು, ಆದರೆ ತಾಯಿಯನ್ನು ನೋಡದೆ ತಾಯಿಯ ಹಿಂದಿನ ಗೋಡೆಯನ್ನು ನೋಡುತ್ತಿತ್ತು. ದುಗ್ಗವ್ವ ತಂಬಿಗೆ ಎತ್ತಿಕೊಂಡು ಹೊರಟಾಗ ಈರಜ್ಜಿ ಹೊಸಿಲಿನಲ್ಲಿ ತಡೆದಳು.

"ಲೇ ದುಗ್ಗಿ, ನಿನ್ನ ಬಾಯಿ ನನಗೆ ಗೊತ್ತು. ಕುರಿ ಜೊತೆ ಮಾತಾಡ್ತೀಯ, ನಾಯಿ ಜೊತೆ ಮಾತಾಡ್ತೀಯ, ಒಲೆ ಜೊತೆ ಸೈತ ಮಾತಾಡ್ತೀಯ. ಇವತ್ತೊಂದು ದಿನ ಆ ಬಾಯಿ ಹೊಲ್ಕೊಂಡು ಹೋಗಿ ಬಾ ನನ್ನವ್ವ."

"ಆಗಲಿ ಅತ್ತೆ."

"ನನ್ನ ಮಗನ್ನ ಆ ಬೆಟ್ಟ ಉಳಿಸಿಕೊಡಲಿಲ್ಲ. ಇದನ್ನಾದರೂ ಉಳಿಸಿಕೊಡಲಿ."

ದೊಣೆಯ ಬಳಿ ಆಗಲೇ ಐದಾರು ಜನ ಸೇರಿದ್ದರು. ಅವರಲ್ಲಿ ಗಾಣಿಗರ ಪಾಲಯ್ಯನನ್ನು ಕಂಡು, ಅಂಥ ದುಃಖದಲ್ಲೂ ಒಬ್ಬಿಬ್ಬರಿಗೆ ನಗು ಬಂತು ಎನ್ನುತ್ತಾರೆ. ಪಕ್ಕದ ಹಳ್ಳಿಯ ಪಾಲಯ್ಯನೆಂದರೆ ಮಾತಿನ ಗಾಣ. ಎಣ್ಣೆ ತರಲು ಹೋದವರು ಬತ್ತಿ ಆರಿದ ಮೇಲೆ ಮನೆ ಸೇರುತ್ತಿದ್ದರು. "ಏನು ಪಾಲಣ್ಣ, ನೀನು ಮೌನದ ಹರಕೆ ಹೊತ್ತಿದ್ದೀಯ? ಆನೆಬೆನ್ನು ದಾಟೋದರೊಳಗೆ ಹೊಟ್ಟೆ ಒಡೆದು ಹೋಗ್ತೀಯಲ್ಲೋ!" ಎಂದನೊಬ್ಬ. "ಒಡೀಲಿ ಬಿಡಪ್ಪ" ಎಂದ ಪಾಲಯ್ಯ. "ನನ್ನ ಹೆಂಡ್ತಿಗೆ ಏಳು ತಿಂಗಳು. ಮೈಯೆಲ್ಲ ಬಾತು ನೀರಾಗೈತೆ. ಸೂಲಗಿತ್ತಿ ನನ್ನ ಮುಖ ನೋಡಲ್ಲ, ನೆಲ ನೋಡಿ ಮಾತಾಡ್ತಾಳೆ. ನನ್ನ ಮಾತು ಕೇಳಿ ಕೇಳಿ ನನ್ನ ಹೆಂಡ್ತಿ ಬೇಸತ್ತಿದ್ದಳು, ಆಕೆಗೋಸ್ಕರ ಅರ್ಧ ದಿನ ಬಾಯಿ ಮುಚ್ಚಿದರೆ ತಪ್ಪೇನು?" ಆಮೇಲೆ ದುಗ್ಗವ್ವನ ಕಡೆ ತಿರುಗಿ, "ನಿನ್ನ ಕೂಸು ಹೆಂಗೈತೆ ತಂಗಿ?" ಎಂದು ಕೇಳಿದ. ಅವಳು ಆಗಲೇ ಹರಳನ್ನು ನಾಲಿಗೆಯಡಿ ಇಟ್ಟುಕೊಂಡಿದ್ದಳು.

ಆನೆಬೆನ್ನು ಹತ್ತುವವರೆಗೆ ಎಲ್ಲರೂ ಎಲ್ಲರಿಗೂ ಕಾಣುತ್ತಿದ್ದರು. ನಡುವಿನ ಕೋಡಿನ ಬುಡಕ್ಕೆ ಬರುತ್ತಲೇ ಮಂಜು ಬಂತು. ದುಗ್ಗವ್ವನಿಗೆ ಅಂಜಿಕೆಯಾಗಲಿಲ್ಲ. ಲಂಗ ಉಡುವ ವಯಸ್ಸಿನಿಂದ ಆ ಹಾಸುಗಲ್ಲಿನ ಸುತ್ತ ಕುರಿ ಮೇಯಿಸಿದವಳು. ಬರಿಗಾಲಿಗೇ ಗೊತ್ತಾಗುತ್ತಿತ್ತು, ಎಲ್ಲಿ ಕಲ್ಲು ಒರಟು, ಎಲ್ಲಿ ಪಾಚಿ, ಎಲ್ಲಿಂದಾಚೆ ಕಲ್ಲೇ ಇಲ್ಲ ಎಂದು. ಬಲಗೈಯನ್ನು ಬಂಡೆಯ ಗೋಡೆಗೆ ಸವರಿಕೊಂಡು, ಎಡಗೈಯಲ್ಲಿ ತಂಬಿಗೆಯನ್ನು ಎದೆಗೊತ್ತಿಕೊಂಡು, ಮನಸ್ಸಿನಲ್ಲಿ ಮಗಳ ಹೆಸರೊಂದನ್ನೇ ಹೇಳಿಕೊಳ್ಳುತ್ತ ನಡೆದಳು. ಹಾಸುಗಲ್ಲು ಇನ್ನೇನು ಮುಗಿಯಬೇಕು, ಆಗ ಕೆಳಗೆಲ್ಲೋ ಒಂದು ಸದ್ದು ಕೇಳಿತು. ಕಲ್ಲಿನ ಮೇಲೆ ಕಲ್ಲು ಕುಟ್ಟುವ ಸದ್ದು. ಟಕ್, ಟಕ್. ಸ್ವಲ್ಪ ಬಿಡುವು. ಮತ್ತೆ ಟಕ್, ಟಕ್.

ಯಾರೋ ಜಾರಿದ್ದಾರೆ, ಮಾತಾಡಲಾರದೆ ಕುಟ್ಟುತ್ತಿದ್ದಾರೆ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ತಂಬಿಗೆಯನ್ನು ಬಂಡೆಗೆ ತಾಗಿಸಿ ತಾನೂ ಸದ್ದು ಮಾಡಿದಳು. ಆದರೆ ಮಂಜಿನಲ್ಲಿ ಆ ಬಂಡೆಗಳು ಸದ್ದನ್ನು ಚೆಂಡಿನಂತೆ ಒಂದರಿಂದ ಒಂದಕ್ಕೆ ಎಸೆಯುತ್ತವೆ. ಕೆಳಗಿನ ಟಕ್ ಟಕ್ ನಾಲ್ಕೂ ಕಡೆಯಿಂದ ಬಂತು, ಅವಳ ಕಂಚಿನ ಸದ್ದೂ ಕೆಳಗಿದ್ದವರಿಗೆ ಹಾಗೆಯೇ ಕೇಳಿರಬೇಕು. ಕಲ್ಲು ಜಾರುವ ಸದ್ದಾಯಿತು, ಜಲ್ಲಿ ಉದುರಿತು, ಯಾವುದೋ ತಂಬಿಗೆ ಉರುಳಿ ಉರುಳಿ ಕಮರಿಯ ತಳ ಸೇರಿದ್ದು ಕೇಳಿತು. ಆಮೇಲೆ ಒಂದು ಕೂಗು.

"ಯಾರಾದ್ರೂ ಇದ್ದರೆ ಓ ಅನ್ರಪ್ಪೋ! ಕೈ ಸೋಲ್ತಾ ಐತೆ! ಓ ಅನ್ರೋ!"

ಪಾಲಯ್ಯನ ದನಿ. ಅವನ ಹರಕೆ ಮುರಿದಿತ್ತು.

ದುಗ್ಗವ್ವ ಅಲ್ಲೇ ಕುಕ್ಕರಿಸಿದಳು. ಹರಳನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಕೇಳಿಸಲಿಲ್ಲ ಎಂದು ನಡೆದುಬಿಟ್ಟರೆ ನೂರು ಮಾರಿನಲ್ಲಿ ದೊಡ್ಡಕೋಡಿನ ಮೆಟ್ಟಿಲು. ಅದನ್ನು ಹತ್ತಿದರೆ ಗದ್ದುಗೆ, ಗದ್ದುಗೆಗೆ ನೀರೆರೆದರೆ ಸಿರಿ. ಲೋಕದಲ್ಲಿ ಯಾವ ತಾಯಿ ನಿಲ್ಲುತ್ತಿದ್ದಳು? ಎದ್ದು ಎರಡು ಹೆಜ್ಜೆ ನಡೆದಳು ಕೂಡ ಎನ್ನುತ್ತಾರೆ. ಆ ಎರಡು ಹೆಜ್ಜೆಯನ್ನು ಕಂಬಳಿಹಟ್ಟಿಯವರು ಇಂದಿಗೂ ಮುಚ್ಚಿಡುವುದಿಲ್ಲ. ಮೂರನೆಯ ಹೆಜ್ಜೆಗೆ ಪಾಲಯ್ಯ ಮತ್ತೆ ಕೂಗಿದ. ಈ ಸಲ ಅವನು ಓ ಅನ್ನಿ ಎನ್ನಲಿಲ್ಲ. ಹೆಂಡತಿಯ ಹೆಸರು ಹಿಡಿದು, "ಮಾದೇವೀ, ನಾನು ಕೂಗಿಬಿಟ್ಟೆ ಕಣೇ, ತಪ್ಪಾಯ್ತು ಕಣೇ" ಎಂದು ಮಗುವಿನಂತೆ ಅಳತೊಡಗಿದ.

ಅವಳು ಹರಳನ್ನು ಉಗಿದಳು.

"ಓ! ಪಾಲಣ್ಣ, ಓ! ಅಳಬೇಡ, ನನ್ನ ದನಿ ಕೇಳು. ಕಾಲ ಕೆಳಗೆ ಏನೈತೆ?"

"ಬೇರು. ಬೇರಿನ ಮೇಲೆ ಒಂದು ಕಾಲು ಐತೆ. ಇನ್ನೊಂದು ಕಾಲು ಇದ್ದೂ ಇಲ್ಲದಂಗೆ."

"ಅದು ಗೋಣಿಮರದ ಬೇರು, ತಡೀತದೆ. ನಿನ್ನ ಬಲಕ್ಕೆ ಒಂದು ಸೀಳು ಐತೆ, ನನ್ನ ಮರಿಗಳು ಅದರಲ್ಲೇ ಹತ್ತಿ ಬರ್ತವೆ. ಕೈ ಹಾಕು."

"ಮರಿ ಹತ್ತೋ ಸೀಳಿನಾಗೆ ಗಾಣಿಗ ಹಿಡಿಸ್ತಾನೇನೇ?"

"ಹೊಟ್ಟೆ ಒಳಕ್ಕೆ ಎಳ್ಕೋ! ಓ, ಈ ಕಡೆ! ಓ!"

ಅವನು ಎಡವಿದಾಗ ಬೈದಳು, ನಿಂತಾಗ ಗದರಿಸಿದಳು, ಮಿಕ್ಕಂತೆ ಓ, ಓ ಎಂದು ಉಸಿರು ಬಿಡದೆ ಕೂಗುತ್ತಲೇ ಇದ್ದಳು. ಕಲ್ಲಿನ ಸದ್ದಿಗೆ ನಾಲ್ಕು ದಿಕ್ಕಾದರೂ, ಬಿಡದೆ ಕೂಗುವ ಮನುಷ್ಯರ ದನಿಗೆ ಒಂದೇ ದಿಕ್ಕು. ಬಹಳ ಹೊತ್ತಿನ ಮೇಲೆ ಮಂಜಿನಿಂದ ಒಂದು ಕೈ ಬಂತು, ಅವಳು ಅದನ್ನು ಹಿಡಿದೆಳೆದಳು. ಅಷ್ಟರಲ್ಲಿ ಇನ್ನೊಂದು ನಡೆಯಿತು. ಕಮರಿಯ ಅಂಚಿನ ಕಡೆಯಿಂದ ಒಬ್ಬ ಮುದುಕ, ಅವನ ಹಿಂದೆ ಒಬ್ಬ ಹೆಂಗಸು, ಇಬ್ಬರೂ ತುಂಬಿದ ತಂಬಿಗೆ ಹಿಡಿದು, ತುಟಿ ಬಿಗಿದು, ಅವಳ ದನಿಯ ಜಾಡು ಹಿಡಿದು ಬಂದರು. ದಾರಿ ತಪ್ಪಿ ಅಂಚಿನಲ್ಲಿ ಅಲೆಯುತ್ತಿದ್ದವರು. ಅವಳನ್ನು ನೋಡಿದರು, ಅವಳ ಕಾಲ ಬಳಿ ಬಿದ್ದಿದ್ದ ಹರಳನ್ನು ನೋಡಿದರು. ಮುದುಕನ ಕಣ್ಣಲ್ಲಿ ನೀರು ತುಂಬಿತು. ತಂಬಿಗೆಯನ್ನು ಹಣೆಗೆ ಮುಟ್ಟಿಸಿ, ಮಾತಿಲ್ಲದೆ ಗದ್ದುಗೆಯ ಕಡೆ ನಡೆದುಬಿಟ್ಟರು. ಅವರ ಹರಕೆ ಇಡಿಯಾಗಿತ್ತು.

ಪಾಲಯ್ಯನ ಕಣಕಾಲು ಮುರಿದಿತ್ತು, ತುಟಿ ಒಣಗಿ ಸೀಳಿತ್ತು. ದುಗ್ಗವ್ವ ತಂಬಿಗೆಯನ್ನು ಅವನ ಬಾಯಿಗೆ ಹಿಡಿದಾಗ ಅವನು ಮುಖ ತಿರುಗಿಸಿದ.

"ಬ್ಯಾಡ ತಂಗಿ. ಅದು ಕೂಸಿನ ನೀರು."

"ನಾನು ಓ ಅಂದಾಗಲೇ ಅದು ಬರೀ ನೀರಾಯ್ತು. ಕುಡಿ."

ಅವನನ್ನು ಹೆಗಲಿಗೆ ಹಾಕಿಕೊಂಡು ಕೆಳಗಿಳಿಸುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ದಾರಿಯುದ್ದಕ್ಕೂ ಅವನು ಒಂದೇ ಮಾತು ಹೇಳುತ್ತಿದ್ದ: "ನಾನು ಯಾರಿಗೂ ಹೇಳಲ್ಲ ತಂಗಿ. ಇನ್ನೊಂದು ಹರಳು ತಗೋ, ಇನ್ನೊಂದು ತಂಬಿಗೆ ನೀರು ತಗೋ. ಯಾರು ಕಂಡೋರು?" ಅವಳು ಹಾಗೆಯೇ ಮಾಡಿದಳು. ನಿಯಮ ಗೊತ್ತಿದ್ದೂ ಮಾಡಿದಳು. ಮುಳುಗುವವಳು ನೀರನ್ನೇ ಹಿಡಿಯಹೋದಂತೆ, ದೊಣೆಗೆ ಬಾಗಿ ಎರಡನೆಯ ಸಲ ತುಂಬಿಕೊಂಡು ಓಡುತ್ತಲೇ ಹತ್ತಿದಳು.

ಆಗ ಮಂಜು ಪೂರ್ತಿ ಕರಗಿ ಬಿಸಿಲು ಬಿದ್ದಿತ್ತು. ನಡುವಿನ ಕೋಡಿನ ಮೇಲೆ, ಬೆಳಗ್ಗೆ ತಾನು ಕುಕ್ಕರಿಸಿದ್ದ ಜಾಗದಲ್ಲಿ ಉಸಿರು ತಿರುಗಿಸಿಕೊಳ್ಳಲು ನಿಂತು ಅವಳು ಕಮರಿಯೊಳಗೆ ಇಣುಕಿದಳು. ಅಷ್ಟು ವರ್ಷ ಕುರಿ ಕಾಯ್ದಿದ್ದರೂ ಆ ಅಂಚಿಗೆ ಬಂದು ತಳದವರೆಗೆ ಬಗ್ಗಿ ನೋಡಿದವಳಲ್ಲ, ಮರಿಗಳೂ ಆ ಸೀಳಿನಿಂದ ಕೆಳಕ್ಕೆ ಇಳಿಯುತ್ತಿರಲಿಲ್ಲ. ತಳದಲ್ಲಿ, ಮುಳ್ಳುಪೊದೆಗಳ ನಡುವೆ, ಏನೋ ಮಿನುಗಿತು. ಪಾಲಯ್ಯನ ತಂಬಿಗೆ. ಅದರ ಪಕ್ಕದಲ್ಲಿ ಮಂಕಾದ ಇನ್ನೊಂದು. ಅದರಾಚೆ ಕಿಲುಬು ಹಿಡಿದು ಹಸಿರಾದವು ಹತ್ತಾರು, ಕೆಲವು ಮಣ್ಣಲ್ಲಿ ಅರ್ಧ ಹೂತವು, ಕೆಲವು ಬಾಯಿ ಮೇಲಾಗಿ ಹಳೆಯ ಮಳೆನೀರು ಹಿಡಿದುಕೊಂಡವು. ತಂಬಿಗೆಗಳ ನಡುವೆ ಬಿಳಿಯದೂ ಕೆಲವಿದ್ದವು, ಅವು ಕಲ್ಲುಗಳಲ್ಲ. ಸಿದ್ಧರು ಬರಮಾಡಿಕೊಂಡ ಜನ ಗದ್ದುಗೆಯ ಕಡೆಗೆ ಹೋಗಿರಲೇ ಇಲ್ಲ. ಇಲ್ಲೇ, ಇನ್ನೊಬ್ಬರ ಕಾಲ್ದಾರಿಯಿಂದ ನಲವತ್ತು ಮಾರು ಕೆಳಗೆ, ಬೇರು ಹಿಡಿದೋ ಕಲ್ಲು ಕುಟ್ಟಿಯೋ, ಮನೆಯಲ್ಲಿ ಮಲಗಿದವರ ಮುಖ ನೆನೆದು ತುಟಿ ಬಿಚ್ಚದೆ ಬಿದ್ದಿದ್ದರು. ಮೇಲೆ ಹಾದುಹೋದವರು ಆ ಸದ್ದು ಕೇಳಿದ್ದರು. ಕೇಳಿಯೂ ತಮ್ಮ ತಮ್ಮ ಮನೆಯವರ ಮುಖ ನೆನೆದು ಮುಂದೆ ನಡೆದಿದ್ದರು. ಒಬ್ಬರೂ ಕೆಟ್ಟವರಲ್ಲ, ಅದೇ ಅವಳನ್ನು ಹೆಚ್ಚು ನಡುಗಿಸಿತು.

ಗದ್ದುಗೆಗೆ ನೀರೆರೆಯುವಾಗ 'ಸಿದ್ಧಪ್ಪ, ಬೆಳಗ್ಗೆ ನೀನು ನಿದ್ದೆ ಮಾಡುತ್ತಿದ್ದೆ ಅಂದುಕೋ' ಎಂದು ಮನಸ್ಸಿನಲ್ಲೇ ಬೇಡಿಕೊಂಡಳಂತೆ. ಮನೆಗೆ ಬಂದಾಗ ಈರಜ್ಜಿ, "ಸಲ್ಲಿತೇನೇ?" ಎಂದಳು. ದುಗ್ಗವ್ವ "ಸಲ್ಲಿತು ಅತ್ತೆ" ಎಂದಳು. ಆ ಸಂಜೆ ಸಿರಿ ಕಣ್ಣು ಬಿಟ್ಟು, ಗೋಡೆಯನ್ನಲ್ಲ, ತಾಯಿಯನ್ನೇ ನೋಡಿತು. ಎರಡು ಗುಟುಕು ಗಂಜಿ ಇಳಿಯಿತು. ಈರಜ್ಜಿ ಹಟ್ಟಿಯೆಲ್ಲ ಸುತ್ತಿ ಹೇಳಿ ಬಂದಳು. ಮಾರನೆಯ ದಿನ ಮಗು ತನ್ನ ಕುರಿಮರಿಯನ್ನು ಕೇಳಿತು, ಮರಿ ತಂದು ಪಕ್ಕದಲ್ಲಿ ಕಟ್ಟಿದರು. ಮೂರನೆಯ ದಿನ ಬಿಸಿಲೇರುವ ಹೊತ್ತಿಗೆ, ಮರಿಯ ಕಿವಿ ಹಿಡಿದುಕೊಂಡಿದ್ದ ಬೆರಳು ಸಡಿಲವಾಯಿತು.

ಮಣ್ಣು ಮಾಡಿ ಬಂದ ಮೇಲೆ ದುಗ್ಗವ್ವ ಅತ್ತೆಯ ಮುಂದೆ ಕುಳಿತು ನಡೆದದ್ದನ್ನೆಲ್ಲ ಹೇಳಿದಳು. ಹೇಳಬೇಕಾಗಿರಲಿಲ್ಲ, ಯಾರೂ ಕೇಳಿರಲಿಲ್ಲ. ಈರಜ್ಜಿ ಕೂಗಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕಂಬಳಿಯ ಅಂಚು ಕೀಳುತ್ತ ಮೆಲ್ಲಗೆ ಕೇಳಿದಳು.

"ಬಾಯಿ ಮುಚ್ಚಿಕೊಂಡಿರೋದು ಅಷ್ಟು ಕಷ್ಟವಾಯ್ತೇನೇ ಮಗಳೇ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ 'ಮಗಳೇ' ಎಂಬುದನ್ನು ತಡೆಯಲಾಗಲಿಲ್ಲ. ಅಂದಿನಿಂದ ದುಗ್ಗವ್ವ ಬಾಯಿ ಮುಚ್ಚಿದಳು. ಕುರಿಗಳೊಂದಿಗೆ ಮಾತಿಲ್ಲ, ನಾಯಿಯೊಂದಿಗೆ ಮಾತಿಲ್ಲ, ಒಲೆಯೊಂದಿಗೂ ಇಲ್ಲ. ಎರಡು ತಿಂಗಳಿಗೆ ಪಾಲಯ್ಯನ ಹೆಂಡತಿ ಹೆತ್ತಳು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ಕೂಗಿದವನ ಹೆಂಡತಿ ಬದುಕಿದಳು, ಓಗೊಟ್ಟವಳ ಮಗಳು ಹೋದಳು. ಇದಕ್ಕೆ ಪಂಡಿತರು ಒಂದೊಂದು ಕಾರಣ ಹೇಳಿದರು, ಯಾವ ಕಾರಣವೂ ಮರಿ ಕಟ್ಟಿದ್ದ ಆ ಗೂಟದ ಮುಂದೆ ನಿಲ್ಲುವಂಥದಲ್ಲ. ಪಾಲಯ್ಯ ಕುಂಟುತ್ತ ಬಂದು ಎಣ್ಣೆ ತುಂಬಿದ ತೊಗಲಿನ ಬುದ್ದಲಿ ಹಿಡಿದು ಬಾಗಿಲಲ್ಲಿ ನಿಂತರೆ ದುಗ್ಗವ್ವ ಕದ ಹಾಕಿಕೊಂಡಳು. ಯಾರಿಗೂ ಹೇಳುವುದಿಲ್ಲ ಎಂದವನು ಅಷ್ಟರಲ್ಲಿ ಏಳು ಹಳ್ಳಿಗೆ ಹೇಳಿ ಮುಗಿಸಿದ್ದ. ಕೆಲವರು ಅವಳನ್ನು ಹೊಗಳಿದರು, ಕೆಲವರು ಹರಕೆ ಕೆಡಿಸಿದವಳೆಂದು ಮುಖ ತಿರುಗಿಸಿದರು. ಇನ್ನು ಕೆಲವರು, ವರ್ಷವಿಡೀ ಮೌನವಾಗಿರುವವಳೆಂದು ಕಾಲಿಗೆ ಬೀಳಲು ಬಂದರು. ಅದೇ ಅವಳಿಗೆ ಎಲ್ಲಕ್ಕಿಂತ ಅಸಹ್ಯವಾಯಿತು.

ಮತ್ತೆ ಶ್ರಾವಣ ಬಂತು. ಮೂರನೆಯ ಸೋಮವಾರ, ಹರಕೆ ಹೊತ್ತವರು ದೊಣೆಗೆ ಬರುವ ಮೊದಲೇ, ದುಗ್ಗವ್ವ ಬರಿಗೈಯಲ್ಲಿ ನಡುವಿನ ಕೋಡು ಹತ್ತಿದಳು. ಯಾರಿಗೆ ಹರಕೆ ಹೊರುವುದಿತ್ತು? ಆ ಹಸಿರು ತಂಬಿಗೆಗಳ ಜೊತೆ ತಾನೂ ಹೋಗಿ ಬಿದ್ದುಬಿಡುವುದೆಂದು ಬಂದಿದ್ದಳು. ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟಳು. ಮಂಜು ಬಂದು ಕಾಲುಗಳನ್ನು ನುಂಗಿತು, ಮಡಿಲನ್ನು ನುಂಗಿತು, ಕೈಗಳನ್ನು ನುಂಗಿತು. ಇನ್ನು ಮುಂದಕ್ಕೆ ವಾಲಿದರೆ ಸಾಕು. ಆಗ ಅವಳ ಬೆನ್ನ ಹಿಂದೆ, ಹಾಸುಗಲ್ಲಿನ ಮೇಲೆ, ಹೆಜ್ಜೆಗಳು ಕೇಳಿದವು. ಅಂಜಿದ ಹೆಜ್ಜೆಗಳು. ಎರಡು ಮುಂದೆ, ಒಂದು ಹಿಂದೆ. ಯಾರೋ ಬಂಡೆಯ ಗೋಡೆಯನ್ನು ಕಳೆದುಕೊಂಡು ನೇರ ಕಮರಿಯ ಕಡೆಗೇ ಬರುತ್ತಿದ್ದರು. ತಾನು ಕುಳಿತ ಜಾಗದ ಪಕ್ಕದಲ್ಲೇ ನಡೆದು, ತನಗಿಂತ ಮೊದಲು ಬೀಳುವವರಿದ್ದರು.

ವರ್ಷ ಪೂರ್ತಿ ಒಣಗಿದ್ದ ಗಂಟಲು. ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲ ದನಿ ಬಂತು.

"ಓ! ಅಲ್ಲೇ ನಿಲ್ಲು! ಮುಂದೆ ನೆಲ ಇಲ್ಲ!"

ಹೆಜ್ಜೆ ನಿಂತಿತು. ಅವಳು ಎದ್ದು, ಅಂಚಿನಿಂದ ಹಿಂದೆ ಸರಿದು, ದಾರಿಯ ನಡುವಿಗೆ ಬಂದು ಮತ್ತೆ ಕೂಗಿದಳು. "ನೀವ್ಯಾರೂ ಮಾತಾಡಬೇಡಿ. ಹರಳು ಬಾಯಲ್ಲೇ ಇರಲಿ. ನನಗೆ ಹರಕೆ ಇಲ್ಲ, ನಾನು ಕೂಗ್ತೀನಿ. ನನ್ನ ದನಿ ಕಡೆ ಬನ್ನಿ." ಮಂಜು ಕರಗುವವರೆಗೆ ಕೂಗಿದಳು. ಒಬ್ಬೊಬ್ಬರಾಗಿ ಹನ್ನೊಂದು ಜನ, ತುಂಬಿದ ತಂಬಿಗೆಗಳೊಂದಿಗೆ, ಬಿಗಿದ ತುಟಿಗಳೊಂದಿಗೆ, ಅವಳ ಮುಂದೆ ಹಾದುಹೋದರು. ಆ ವರ್ಷ ಸಿದ್ಧರು ಯಾರನ್ನೂ ಬರಮಾಡಿಕೊಳ್ಳಲಿಲ್ಲ.

ಗದ್ದುಗೆಯ ಪೂಜಾರಿ ಸಿಟ್ಟಿನಿಂದ ಇಳಿದು ಬಂದ. "ಮೌನಸಿದ್ಧರ ಬೆಟ್ಟದಲ್ಲಿ ಹಿಂಗೆ ಅರಚ್ತೀಯಲ್ಲ, ನಿನಗೆ ಬುದ್ಧಿ ಐತಾ?" ಎಂದ. "ಅವರೆಲ್ಲ ಮೌನವಾಗಿರಲಿ ಅಂತಲೇ ಅರಚ್ತಿದ್ದೀನಿ ಸ್ವಾಮಿ" ಎಂದಳು ದುಗ್ಗವ್ವ. "ಒಬ್ಬರು ಕೂಗಿದರೆ ಮಿಕ್ಕವರು ಕೂಗಬೇಕಾಗಿಲ್ಲ. ಬೇಕಾದರೆ ಕೆಳಗೆ ನೋಡಿ." ಅವನು ನೋಡಿದ. ಮುಂದಿನ ಬೇಸಿಗೆಯಲ್ಲಿ ತಾನೇ ಹಗ್ಗ ಹಿಡಿಸಿ ಜನರನ್ನು ಕಮರಿಗಿಳಿಸಿ, ಮೂಳೆಗಳನ್ನು ಮೇಲೆ ತರಿಸಿ ಮಣ್ಣು ಮಾಡಿಸಿದ.

ಅವಳು ಮೂವತ್ತೊಂದು ಶ್ರಾವಣ ಹಾಗೆ ಹತ್ತಿದಳು. ಆ ಸೋಮವಾರಗಳಂದು ಕುಂಟ ಪಾಲಯ್ಯ ದೊಣೆಯ ಬಳಿ ಕುಳಿತು, ಬಂದವರಿಗೆಲ್ಲ ಹರಳು ಬಾಯಿಗಿಡುವ ಮುಂಚೆ ಹೇಳುತ್ತಿದ್ದ: "ಮೇಲೆ ನನ್ನ ತಂಗಿ ಓ ಅಂತಾಳೆ, ಆ ಕಡೆ ನಡೀರಿ. ಬೈದರೂ ನಡೀರಿ, ನನಗೂ ಬೈದಿದ್ದಾಳೆ." ಈರಜ್ಜಿ ಬದುಕಿರುವವರೆಗೂ ಆ ಬೆಳಗ್ಗೆ ಸೊಸೆಯ ಗಂಟಲಿಗೆ ಬಿಸಿ ಎಣ್ಣೆ ಸವರಿ ಕಳಿಸುತ್ತಿದ್ದಳು, ಒಂದು ಮಾತೂ ಆಡದೆ. ದುಗ್ಗವ್ವನಿಗೆ ನೆಮ್ಮದಿ ಸಿಕ್ಕಿತೇ ಎಂದು ಕೇಳಿದರೆ, ಹಟ್ಟಿಯ ಹಿರಿಯರು ಸಿಕ್ಕಿತು ಎನ್ನುವುದಿಲ್ಲ. ಸಿರಿಯ ಮಾತು ಬಂದಾಗಲೆಲ್ಲ ಅವಳು ಕಡೆಯವರೆಗೂ 'ನಾನೇ ಕಳೆದೆ' ಎನ್ನುತ್ತಿದ್ದಳಂತೆ. ನೆಮ್ಮದಿಯಿಂದ ಹತ್ತಿದವಳಲ್ಲ. ಮಂಜು ಬರುತ್ತದೆ, ಜನ ಬರುತ್ತಾರೆ ಎಂದು ಹತ್ತಿದಳು, ಅಷ್ಟೇ. ಅವಳು ತೀರಿಕೊಂಡ ವರ್ಷ, ಹೆಸರಿಲ್ಲದ ಆ ಕೋಡಿಗೆ ಜನ ತಾವಾಗಿಯೇ ಈ ಹೆಸರು ಹಚ್ಚಿದರು.

ಈಗ ಕಮರಿಯ ಅಂಚಿಗೆ ಇಲಾಖೆಯವರು ಕಬ್ಬಿಣದ ಕಂಬಿ ಹಾಕಿದ್ದಾರೆ, ದಾರಿಗೆ ಹಳದಿ ಬಣ್ಣದ ಬಾಣ ಬರೆದಿದ್ದಾರೆ. ಶಬ್ದ ಮಾಡಬಾರದು ಎಂಬ ಫಲಕವೂ ಉಂಟು, ಕಾಡುಪ್ರಾಣಿಗಳ ಸಲುವಾಗಿ. ಆದರೂ ಶ್ರಾವಣದ ಮೂರನೆಯ ಸೋಮವಾರ ಹೋದವರು ಕಾಣುವುದು ಬೇರೆ. ಮಂಜಿನೊಳಗೆ ಹಾಸುಗಲ್ಲಿನ ಮೇಲೆ ಯಾರೋ ಒಬ್ಬರು ಕುಳಿತು ಕೂಗುತ್ತಿರುತ್ತಾರೆ. ದಣಿದರೆ ಇನ್ನೊಬ್ಬರು ಬಂದು ಕೂರುತ್ತಾರೆ. ಕಾವಲುಗಾರರು ಫಲಕ ತೋರಿಸುವುದಿಲ್ಲ, ಟೋಪಿ ತೆಗೆದು ಪಕ್ಕಕ್ಕೆ ನಿಲ್ಲುತ್ತಾರೆ. ಹಾಗೆ ಕೂರುವವರು ಪೂಜಾರಿಗಳಲ್ಲ, ಕಂಬಳಿಹಟ್ಟಿಯವರೇ ಆಗಬೇಕೆಂದೂ ಇಲ್ಲ. ಹಿಂದಿನ ವರ್ಷಗಳಲ್ಲಿ ಇದೇ ಬೆಟ್ಟಕ್ಕೆ ನೀರು ಹೊತ್ತು, ಹರಕೆ ಫಲಿಸದೆ ಮನೆಯವರನ್ನು ಕಳೆದುಕೊಂಡವರು ಅವರು. ಕಳೆದ ಸಲ ಪ್ಯಾಂಟು ಶರಟಿನ ಮೇಷ್ಟರೊಬ್ಬರು ಕೂತಿದ್ದರು. ಕೂಗಿ ಅಭ್ಯಾಸವಿಲ್ಲದ ದನಿ, ಮೂರನೆಯ 'ಓ'ಗೇ ಒಡೆಯುತ್ತಿತ್ತು. ಕ್ಯಾಮೆರಾ ಹಿಡಿದಿದ್ದ ಹುಡುಗಿಯೊಬ್ಬಳು ಪಾಪ, ತಿಳಿಯದೆ ಕೇಳಿದಳು, "ಸಾರ್, ಯಾರನ್ನು ಕರೀತಿದ್ದೀರಿ?" ಎಂದು.

"ಬರುವವರನ್ನಮ್ಮ" ಎಂದರು ಅವರು, ಮತ್ತು ಮಂಜಿನ ಕಡೆಗೆ ತಿರುಗಿದರು.